ದಫ್ತರು ಕಾಯ್ದ ಒಬ್ಬ ವಕೀಲ: ಸರ್ ಜೇಮ್ಸ್ ಬಾಲ್ಫರ್ ಪಾಲ್

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಮುಂದೆ ಕೂತಿರುವ ಮಕ್ಕಳಿಗೆ ಒಂದು ಮಾತು: ಊಟದ ಗಂಟೆ ಹೊಡೆಯುವುದರೊಳಗೆ ಮುಗಿಸುತ್ತೇನೆ, ಹೆದರಬೇಡಿ.

ಈ ಮಾಲೆಯಲ್ಲಿ ಒಬ್ಬೊಬ್ಬರೂ ಒಬ್ಬ ಮಹನೀಯರ ಬದುಕನ್ನು ಪರಿಚಯಿಸಬೇಕು ಎಂದು ಸಮಿತಿಯವರು ನಿಯಮ ಮಾಡಿದ್ದಾರೆ. ನನಗಿಂತ ಮೊದಲು ಮಾತಾಡಿದವರು ವಿಶ್ವೇಶ್ವರಯ್ಯನವರ ಬಗ್ಗೆ, ಕಿತ್ತೂರು ಚೆನ್ನಮ್ಮನ ಬಗ್ಗೆ ಚೆನ್ನಾಗಿ ಹೇಳಿದರು. ನಾನು ಆರಿಸಿಕೊಂಡ ಹೆಸರು ಕೇಳಿ ಸಮಿತಿಯ ಕಾರ್ಯದರ್ಶಿಗಳು ಎರಡು ಸಲ ಫೋನ್ ಮಾಡಿ, "ಇವರು ಯಾರು ಸಾರ್, ಯುದ್ಧ ಮಾಡಿದವರೋ, ಏನಾದರೂ ಕಂಡುಹಿಡಿದವರೋ?" ಎಂದು ಕೇಳಿದರು. ಎರಡೂ ಅಲ್ಲ. ಇವರು ಸ್ಕಾಟ್ಲೆಂಡಿನ ಒಬ್ಬ ವಕೀಲ. ಹೆಸರು ಜೇಮ್ಸ್ ಬಾಲ್ಫರ್ ಪಾಲ್. ಹಳೆಯ ಕಾಗದ ಓದುವುದು, ಓದಿದ್ದನ್ನು ಅಚ್ಚು ಹಾಕಿಸುವುದು, ದಾಖಲೆಯ ಪುಸ್ತಕಗಳನ್ನು ಕ್ರಮವಾಗಿ ಇಡುವುದು, ಇದೇ ಅವರ ಜೀವಮಾನದ ಕೆಲಸ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ದಾಖಲೆ ಕೋಣೆಯ ಧೂಳಿನಲ್ಲಿ ನೌಕರಿ ಮಾಡಿದವನು. ಆ ಧೂಳಿನ ಕೆಲಸವನ್ನು ಒಂದು ದೇಶ ಎಷ್ಟು ಗೌರವದಿಂದ ಕಾಣಬಹುದು ಎಂಬುದಕ್ಕೆ ಇವರಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ಕಾಟ್ಲೆಂಡ್ ಎಂದರೆ ಬ್ರಿಟನ್ ದ್ವೀಪದ ಉತ್ತರ ಭಾಗ. 1707ರವರೆಗೆ ಅದಕ್ಕೆ ತನ್ನದೇ ಸಂಸತ್ತು ಇತ್ತು. ಆ ವರ್ಷ ಇಂಗ್ಲೆಂಡಿನ ಜೊತೆ ಕೂಡಿಕೊಂಡಿತು. ಆದರೆ ತನ್ನ ಕಾನೂನು, ತನ್ನ ನ್ಯಾಯಾಲಯ, ತನ್ನ ಚರ್ಚು, ತನ್ನ ಶಾಲೆ ಇವನ್ನು ಬಿಟ್ಟುಕೊಡಲಿಲ್ಲ. ರಾಜಧಾನಿ ಎಡಿನ್‌ಬರೋ. ಅಲ್ಲಿ 1846ರ ನವೆಂಬರ್ 16ರಂದು ಜೇಮ್ಸ್ ಹುಟ್ಟಿದ್ದು. ತಂದೆ ಜಾನ್ ಪಾಲ್, ಸೇಂಟ್ ಕತ್‌ಬರ್ಟ್ಸ್ ಚರ್ಚಿನ ಪಾದ್ರಿ. ಹುಡುಗ ಓದಿದ್ದು ಅದೇ ಊರಿನ ರಾಯಲ್ ಹೈಸ್ಕೂಲಿನಲ್ಲಿ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕೂಡ ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ನಾವು ಐವತ್ತು ವರ್ಷಕ್ಕೆ ಇಷ್ಟು ಶಾಮಿಯಾನ ಹಾಕಿದ್ದೇವೆ. ಆ ಶಾಲೆ ಶತಮಾನಗಳನ್ನೇ ಎಣಿಸುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿ 1870ರಲ್ಲಿ ಅಡ್ವೊಕೇಟ್ ಆಗಿ ಸನ್ನದು ಪಡೆದರು. ವಕೀಲಿಕೆಯಲ್ಲಿ ದೊಡ್ಡ ಹೆಸರು ಮಾಡಿದ ಮೊಕದ್ದಮೆ ಎಂದು ಹೇಳುವಂಥದ್ದು ಇವರ ಬದುಕಿನಲ್ಲಿ ಇಲ್ಲ, ಆದ್ದರಿಂದ ಆ ಭಾಗವನ್ನು ಇಲ್ಲಿಗೇ ಬಿಡುತ್ತೇನೆ. 1875ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ರಾಜನ ಬಿಲ್ಲುಗಾರರ ದಳದ ಚರಿತ್ರೆ ಬರೆದು ಪ್ರಕಟಿಸಿದರು. ಕಪ್ಪು ಕೋಟು ಹಾಕಿಕೊಂಡರೂ ಮನಸ್ಸು ಹಳೆಯ ಕಡತದ ಮೇಲೇ ಇತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಅವರ ಮೊದಲ ಸರ್ಕಾರಿ ಹುದ್ದೆ ನಮ್ಮ ಊರಿನವರಿಗೆ ಕೂಡಲೇ ಅರ್ಥವಾಗುವಂಥದ್ದು. 1879ರಿಂದ 1890ರವರೆಗೆ ಅವರು ಫ್ರೆಂಡ್ಲಿ ಸೊಸೈಟಿಗಳ ರಿಜಿಸ್ಟ್ರಾರ್ ಆಗಿದ್ದರು. ಫ್ರೆಂಡ್ಲಿ ಸೊಸೈಟಿ ಎಂದರೆ ಬಡ ಕೆಲಸಗಾರರು ಕಟ್ಟಿಕೊಂಡ ಪರಸ್ಪರ ಸಹಾಯದ ಸಂಘ. ಗಣಿಯವರು, ನೇಕಾರರು, ಬಡಗಿಗಳು ವಾರಕ್ಕೆ ಕೆಲವು ಪೆನ್ಸ್ ಕೂಡಿಸಿ ಇಡುವರು. ಯಾರಿಗಾದರೂ ಕಾಯಿಲೆಯಾಗಿ ಕೂಲಿ ನಿಂತರೆ ಅದರಿಂದ ಕೊಡುವರು, ಸತ್ತರೆ ಮಣ್ಣಿನ ಖರ್ಚಿಗೆ ಕೊಡುವರು. ಹಣ ಇರುವಲ್ಲಿ ಲೆಕ್ಕ ಬೇಕು, ಲೆಕ್ಕ ಇರುವಲ್ಲಿ ಅದನ್ನು ನೋಡುವವ ಬೇಕು. ಸಂಘದ ನಿಯಮಾವಳಿ ಸರಿಯಾಗಿದೆಯೇ, ವಾರ್ಷಿಕ ಲೆಕ್ಕ ಬಂದಿದೆಯೇ, ಇದನ್ನೆಲ್ಲ ನೋಡುವವನೇ ರಿಜಿಸ್ಟ್ರಾರ್.

ಇಲ್ಲಿ ಒಂದು ಸಂಬಂಧ ಹೇಳಬೇಕು. 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತಲ್ಲ, ಅದಕ್ಕೆ ಮಾದರಿ ಮಾಡಿಕೊಂಡದ್ದು ಬ್ರಿಟನ್ನಿನ ಫ್ರೆಂಡ್ಲಿ ಸೊಸೈಟಿ ಕಾಯಿದೆಯನ್ನೇ. ಆ ಕಾಯಿದೆಯ ಕೆಳಗೆ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ಇವತ್ತು ನಮ್ಮ ಊರಿನ ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಾಲು ನಿಲ್ಲುವವರು "ರಿಜಿಸ್ಟ್ರಾರ್ ಆಫೀಸಿನಿಂದ ಆಡಿಟ್ ಬಂದಿದೆ" ಎಂದು ಮಾತಾಡಿಕೊಳ್ಳುತ್ತಾರಲ್ಲ, ಆ ರಿಜಿಸ್ಟ್ರಾರ್ ಎಂಬ ಹುದ್ದೆಯ ಬೇರು ಪಾಲ್ ಅವರು ಕೂತಿದ್ದಂಥ ಕುರ್ಚಿಯಲ್ಲಿದೆ.

ಈಗ ಅವರ ನಿಜವಾದ ಕೆಲಸಕ್ಕೆ ಬರೋಣ. ಅದರ ಬೆಲೆ ತಿಳಿಯಬೇಕಾದರೆ ಸ್ಕಾಟ್ಲೆಂಡಿನ ದಾಖಲೆಗಳಿಗೆ ಏನೇನು ಗತಿ ಬಂತು ಎಂದು ಮೊದಲು ತಿಳಿಯಬೇಕು. 1296ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಬಂದ. ಪಟ್ಟಾಭಿಷೇಕದ ಕಲ್ಲನ್ನು ಹೊತ್ತುಕೊಂಡು ಹೋದ. ಅದರ ಜೊತೆ ಕಾಗದಪತ್ರಗಳನ್ನೂ ಹೊತ್ತುಕೊಂಡು ಹೋದ. ಗೆದ್ದವನಿಗೆ ಕಲ್ಲು ಯಾಕೆ ಬೇಕು ಎಂದರೆ ಅರ್ಥವಾಗುತ್ತದೆ. ಕಾಗದ ಯಾಕೆ ಬೇಕು? ಯಾವ ಭೂಮಿ ಯಾರದು, ಯಾರು ಯಾರಿಗೆ ಕಪ್ಪ ಕೊಡಬೇಕು, ಈ ದೇಶಕ್ಕೆ ಪ್ರತ್ಯೇಕ ರಾಜ ಇದ್ದನೋ ಇಲ್ಲವೋ ಎಂಬುದೆಲ್ಲ ಅದರಲ್ಲೇ ಇರುವುದು. ಕಾಗದ ಕಳೆದವನು ವಾದ ಕಳೆದ ಹಾಗೆ. ನಮ್ಮಲ್ಲಿ ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಹತ್ತು ವರ್ಷ ತಿರುಗಿದವರು ಈ ಸಭೆಯಲ್ಲೇ ಇದ್ದೀರಿ, ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೋದವುಗಳಲ್ಲಿ ಬಹುಪಾಲು ಮತ್ತೆ ಬರಲಿಲ್ಲ. ಉಳಿದದ್ದನ್ನೂ ಆಮೇಲೆ ಬೆಳೆದದ್ದನ್ನೂ ಸೇರಿಸಿ ಕಾಪಾಡಿಕೊಂಡು ಬಂದರು. ಮುಂದೆ 1651ರಲ್ಲಿ ಕ್ರಾಮ್‌ವೆಲ್‌ನ ಸೈನ್ಯ ಸ್ಟರ್ಲಿಂಗ್ ಕೋಟೆ ಹಿಡಿದಾಗ ಅಲ್ಲಿದ್ದ ದಾಖಲೆಗಳು ಸಿಕ್ಕಿಬಿದ್ದು ಲಂಡನ್ನಿನ ಟವರ್ ಕೋಟೆ ಸೇರಿದವು. ನ್ಯಾಯಾಲಯದ ಪುಸ್ತಕಗಳಿಲ್ಲದೆ ಜನರ ಆಸ್ತಿ ವ್ಯಾಜ್ಯ ನಡೆಯದೆ ಗೋಳಾಗಿ, 1657ರಲ್ಲಿ ಕಾನೂನಿಗೆ ಸಂಬಂಧಪಟ್ಟ ರಿಜಿಸ್ಟರುಗಳನ್ನು ವಾಪಸು ಕಳಿಸಿದರು. ಮಿಕ್ಕವು 1660ರ ಡಿಸೆಂಬರಿನಲ್ಲಿ ಈಗಲ್ ಎಂಬ ಯುದ್ಧನೌಕೆಯಲ್ಲಿ ಹೊರಟವು, ದೊಡ್ಡ ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ. ದಾರಿಯಲ್ಲಿ ಬಿರುಗಾಳಿ. ಹಡಗಿನ ಭಾರ ಇಳಿಸಲೆಂದು 85 ಪೀಪಾಯಿಗಳನ್ನು ಎಲಿಜಬೆತ್ ಎಂಬ ಇನ್ನೊಂದು ಹಡಗಿಗೆ ಸಾಗಿಸಿದರು. ಆ ಎಲಿಜಬೆತ್ ನಾರ್ತಂಬರ್ಲೆಂಡ್ ಕರಾವಳಿಯ ಹತ್ತಿರ ಮುಳುಗಿಹೋಯಿತು. ಶತಮಾನಗಳ ಬರವಣಿಗೆ ಒಂದೇ ರಾತ್ರಿ ಉಪ್ಪು ನೀರಿನ ಪಾಲು.

ಇಂಥ ಪೆಟ್ಟು ತಿಂದ ದೇಶಕ್ಕೆ ದಾಖಲೆಯ ಬಗ್ಗೆ ಒಂದು ಹಟ ಬರುತ್ತದೆ. 1774ರಲ್ಲಿ ಎಡಿನ್‌ಬರೋದಲ್ಲಿ ರಾಬರ್ಟ್ ಆಡಮ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಹಾಕಿದ ನಕ್ಷೆಯಂತೆ ರಿಜಿಸ್ಟರ್ ಹೌಸ್ ಕಟ್ಟಡ ಶುರುವಾಯಿತು. ಅರಮನೆಗಲ್ಲ, ದೇವಾಲಯಕ್ಕಲ್ಲ, ಕಡತಗಳನ್ನು ಇಡುವುದಕ್ಕೇ ಅಷ್ಟು ಭವ್ಯವಾದ ಕಟ್ಟಡ. ನಡುವೆ ಹಣ ಮುಗಿದು ಕೆಲವು ವರ್ಷ ಅರ್ಧಕ್ಕೇ ನಿಂತು, ಪಾರಿವಾಳ ಸೇರಿಕೊಂಡು ಜನರ ನಗೆಗೆ ಗುರಿಯಾಯಿತು ಎನ್ನುವುದೂ ನಿಜ. ಸರ್ಕಾರಿ ಕಟ್ಟಡಗಳ ಹಣೆಬರಹ ಎಲ್ಲ ದೇಶದಲ್ಲೂ ಒಂದೇ ಎಂದು ಕಾಣುತ್ತದೆ. ಆದರೂ ಮುಗಿಯಿತು, ಇವತ್ತಿಗೂ ಅದೇ ಕೆಲಸಕ್ಕೆ ಬಳಕೆಯಲ್ಲಿದೆ.

ಆದರೆ ಕಟ್ಟಡದಲ್ಲಿ ಭದ್ರವಾಗಿಟ್ಟ ಮಾತ್ರಕ್ಕೆ ದಾಖಲೆ ಬದುಕಿದಂತಲ್ಲ. ಅದನ್ನು ಓದುವವರು ಬೇಕು. ಹಳೆಯ ಕಾಗದಗಳು ಲ್ಯಾಟಿನ್‌ನಲ್ಲಿ, ಹಳೆಯ ಸ್ಕಾಟ್ಸ್ ಭಾಷೆಯಲ್ಲಿ, ನಮ್ಮ ಮೋಡಿ ಲಿಪಿಯಂತೆ ಕೈ ಎತ್ತದೆ ಗೀಚಿದ ಅಕ್ಷರದಲ್ಲಿ ಇರುತ್ತಿದ್ದವು. ಸಂಖ್ಯೆಗಳೆಲ್ಲ ರೋಮನ್. ತಾರೀಖು ಇನ್ನೂ ತೊಡಕು: 1600ಕ್ಕಿಂತ ಮೊದಲು ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಹಾಗಾಗಿ ಹಳೆಯ ಪುಸ್ತಕದಲ್ಲಿ 1503ರ ಫೆಬ್ರವರಿ ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1504. ಇದು ಗೊತ್ತಿಲ್ಲದವನು ಮಗ ಹುಟ್ಟಿದ ಮೇಲೆ ಅಪ್ಪನ ಮದುವೆ ಮಾಡಿಸಿಬಿಡುತ್ತಾನೆ!

ಪಾಲ್ ಈ ವಿದ್ಯೆಯಲ್ಲಿ ಪಳಗಿದರು. 1882ರಲ್ಲಿ ರಾಜಮುದ್ರೆಯ ರಿಜಿಸ್ಟರಿನ ಒಂದು ಸಂಪುಟ ಅವರ ಸಂಪಾದಕತ್ವದಲ್ಲಿ ಬಂತು. 1424ರಿಂದ 1513ರವರೆಗೆ ಸ್ಕಾಟ್ಲೆಂಡಿನ ರಾಜರು ಮಹಾಮುದ್ರೆ ಒತ್ತಿ ಕೊಟ್ಟ ಭೂದಾನ, ಸನ್ನದು, ಹಕ್ಕುಪತ್ರಗಳ ಸಾರ ಅದರಲ್ಲಿದೆ. ಮರುವರ್ಷ ಜಾನ್ ಮೇಟ್ಲೆಂಡ್ ಥಾಮ್ಸನ್ ಎಂಬ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ ಮುಂದಿನ ಸಂಪುಟ ತಂದರು. ನಮ್ಮಲ್ಲಿ ತಾಮ್ರಶಾಸನಗಳಿಗೆ ವರಾಹಮುದ್ರೆಯ ಉಂಗುರ ಇರುತ್ತದಲ್ಲ, ಅಲ್ಲಿ ಮೇಣದ ಮೇಲೆ ಒತ್ತಿದ ಮುದ್ರೆ. ಕೆಲಸ ಒಂದೇ.

ಅದಕ್ಕಿಂತ ನನಗೆ ಇಷ್ಟವಾದದ್ದು ರಾಜಬೊಕ್ಕಸದ ಖಜಾಂಚಿಯ ಲೆಕ್ಕದ ಪುಸ್ತಕಗಳು. ಇದರ ಮೊದಲ ಸಂಪುಟವನ್ನು ಥಾಮಸ್ ಡಿಕ್ಸನ್ ಎಂಬವರು 1877ರಲ್ಲಿ ಸಂಪಾದಿಸಿದ್ದರು. ಎರಡನೆಯದರಿಂದ ಹನ್ನೊಂದನೆಯ ಸಂಪುಟದವರೆಗೆ ಹತ್ತು ಸಂಪುಟಗಳನ್ನು 1900ರಿಂದ 1916ರ ನಡುವೆ ಪಾಲ್ ಒಬ್ಬರೇ ಹೊರತಂದರು. 1500ನೇ ಇಸವಿಯಿಂದ 1566ರವರೆಗಿನ ಜಮಾಖರ್ಚು. ಹತ್ತು ಸಂಪುಟ ಜಮಾಖರ್ಚು ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ಆಕಳಿಕೆ ಬಂದದ್ದು ನನಗೆ ಕಾಣಿಸಿತು. ಸ್ವಲ್ಪ ತಾಳಿ.

ಆ ಪುಸ್ತಕದಲ್ಲಿ ಏನಿದೆ ಗೊತ್ತೇ? ನಾಲ್ಕನೇ ಜೇಮ್ಸ್ ಎಂಬ ರಾಜ. ಅವನ ಆಳ್ವಿಕೆಯಲ್ಲೇ 1491ರಲ್ಲಿ ಸಂಸತ್ತು ಗಾಲ್ಫ್ ಆಟವನ್ನು ನಿಷೇಧಿಸಿತ್ತು. ಜನ ಬಿಲ್ಲುವಿದ್ಯೆ ಬಿಟ್ಟು ಚೆಂಡಿನ ಹಿಂದೆ ಓಡುತ್ತಾರೆ ಎಂಬ ಕಾರಣಕ್ಕೆ. ಆದರೆ 1502ರ ಸೆಪ್ಟೆಂಬರ್ 21ರ ಲೆಕ್ಕದಲ್ಲಿ, ಪರ್ತ್ ಊರಿನ ಬಿಲ್ಲು ಮಾಡುವವನಿಗೆ ಗಾಲ್ಫ್ ಕೋಲುಗಳಿಗಾಗಿ 14 ಶಿಲ್ಲಿಂಗ್ ಕೊಟ್ಟದ್ದು ಬರೆದಿದೆ. ಕೋಲು ಯಾರಿಗೆ? ಮಹಾರಾಜರಿಗೆ! ನಿಷೇಧ ಪ್ರಜೆಗಳಿಗೆ, ಆಟ ದೊರೆಗೆ. ಅದೇ ರಾಜನಿಗೆ ಹಲ್ಲು ಕೀಳುವ ಹುಚ್ಚು ಇತ್ತು. ಸಾಮಾನ್ಯವಾಗಿ ಹಲ್ಲು ಕೀಳಿಸಿಕೊಂಡವನು ವೈದ್ಯನಿಗೆ ದುಡ್ಡು ಕೊಡಬೇಕು. ಇಲ್ಲಿ ರಾಜ ಹಲ್ಲು ಕಿತ್ತು, ಕೀಳಿಸಿಕೊಂಡವನಿಗೆ ತಾನೇ ದುಡ್ಡು ಕೊಟ್ಟ ಲೆಕ್ಕವಿದೆ. ಚಿನ್ನ ಮಾಡಿಕೊಡುತ್ತೇನೆ ಎಂದು ನಂಬಿಸಿದ ಜಾನ್ ಡೇಮಿಯನ್ ಎಂಬ ರಸವಾದಿಗೆ ಕುಲುಮೆಗೆ, ಮದ್ಯಸಾರಕ್ಕೆ, ಇನ್ನೂ ಏನೇನಕ್ಕೋ ಬೊಕ್ಕಸದಿಂದ ಹಣ ಹೋಗುತ್ತಲೇ ಇದೆ. ಚಿನ್ನವಂತೂ ಬರಲಿಲ್ಲ. ಆ ಮಹಾಶಯ 1507ರಲ್ಲಿ ಗರಿಗಳ ರೆಕ್ಕೆ ಕಟ್ಟಿಕೊಂಡು ಸ್ಟರ್ಲಿಂಗ್ ಕೋಟೆಯಿಂದ ಹಾರಲು ಹೋಗಿ ಬಿದ್ದು ತೊಡೆ ಮುರಿದುಕೊಂಡ, ರೆಕ್ಕೆಯಲ್ಲಿ ಕೋಳಿಯ ಗರಿ ಬೆರೆತದ್ದೇ ಕಾರಣ ಎಂದ, ಎಂಬ ಕಥೆಯನ್ನು ಬಿಷಪ್ ಲೆಸ್ಲಿ ಆಮೇಲೆ ಬರೆದಿದ್ದಾನೆ. ಹಾರಿದ್ದು ಕಥೆ ಇರಬಹುದು. ದುಡ್ಡು ಕೊಟ್ಟದ್ದು ಮಾತ್ರ ಲೆಕ್ಕದ ಪುಸ್ತಕದಲ್ಲಿದೆ. ಈ ವ್ಯತ್ಯಾಸ ನಮ್ಮ ಮಕ್ಕಳು ಗಮನಿಸಬೇಕು.

ಇನ್ನೊಬ್ಬನ ವಿಷಯ ಹೇಳುತ್ತೇನೆ. ಆ ಆಸ್ಥಾನದಲ್ಲಿ ಒಬ್ಬ ಆಫ್ರಿಕದ ತಮಟೆಯವನಿದ್ದ. 1504–05ರ ಲೆಕ್ಕದಲ್ಲಿ ಅವನ ಬಟ್ಟೆಗೆ, ಪ್ರಯಾಣಕ್ಕೆ ಕೊಟ್ಟ ಹಣ ಮತ್ತೆ ಮತ್ತೆ ಬರುತ್ತದೆ. ರಾಜ ಎಲ್ಲಿ ಹೋದರೂ ಅವನೂ ಇರುತ್ತಾನೆ. ಅವನ ಹೆಸರು ಮಾತ್ರ ಇಲ್ಲ. ಮೂರ್ ಜಾತಿಯ ತಮಟೆಗಾರ ಎಂದಷ್ಟೇ. ಅವನ ಬಗ್ಗೆ ಯಾವ ಕವಿಯೂ ಕಾವ್ಯ ಬರೆಯಲಿಲ್ಲ, ಅವನಿಗೆ ಸಮಾಧಿಯ ಕಲ್ಲು ನಿಲ್ಲಿಸಿದವರಿಲ್ಲ. ಐನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಕಪ್ಪು ಜನ ಇದ್ದರು, ದುಡಿದರು, ಆದರ ಪಡೆದರು ಎಂದು ಇವತ್ತಿನ ಇತಿಹಾಸಕಾರರು ಹೇಳುವಾಗ ಕೈ ತೋರಿಸುವುದು ಯಾವುದೋ ಗುಮಾಸ್ತ ಬರೆದು, ಪಾಲ್ ಅಚ್ಚು ಹಾಕಿಸಿದ ಈ ಸಾಲುಗಳ ಕಡೆಗೆ. ಗುಮಾಸ್ತ ಬರೆದದ್ದು ಲೆಕ್ಕ ತಪ್ಪದಿರಲಿ ಎಂದು. ಉಳಿದದ್ದು ಒಬ್ಬ ಮನುಷ್ಯನ ಗುರುತು.

ಇಷ್ಟು ದಾಖಲೆಯ ಮಾತಾಯಿತು. ಈಗ ಅವರ ದೊಡ್ಡ ಹುದ್ದೆ. 1890ರಲ್ಲಿ ಪಾಲ್ ಅವರನ್ನು ಲಾರ್ಡ್ ಲಯನ್ ಕಿಂಗ್ ಆಫ್ ಆರ್ಮ್ಸ್ ಆಗಿ ನೇಮಿಸಿದರು. ಹೆಸರಿನಲ್ಲಿ ರಾಜ, ಸಿಂಹ ಎರಡೂ ಇವೆ. ಕೆಲಸ ಲಾಂಛನಗಳದ್ದು. ಹಿಂದೆ ಮುಖ ಮುಚ್ಚುವ ಕಬ್ಬಿಣದ ಶಿರಸ್ತ್ರಾಣ ಹಾಕಿಕೊಂಡು ಯುದ್ಧ ಮಾಡುವಾಗ ಯಾರು ಯಾರೆಂದು ತಿಳಿಯಲು ಗುರಾಣಿಯ ಮೇಲೆ ಚಿತ್ರ ಬರೆಸುತ್ತಿದ್ದರು. ಕ್ರಮೇಣ ಅದು ಮನೆತನದ ಗುರುತಾಯಿತು, ಊರಿನ ಗುರುತಾಯಿತು, ವಿಶ್ವವಿದ್ಯಾಲಯದ ಗುರುತಾಯಿತು. ಮಕ್ಕಳೇ, ಸರ್ಕಾರಿ ಆದೇಶದ ಕಾಗದದ ತಲೆಯ ಮೇಲೆ ನಮ್ಮ ಕರ್ನಾಟಕದ ಲಾಂಛನ ನೋಡಿದ್ದೀರಿ. ನಡುವೆ ಗುರಾಣಿ, ಅದರಲ್ಲಿ ಗಂಡಭೇರುಂಡ, ಎರಡು ಪಕ್ಕ ಹಿಡಿದು ನಿಂತ ಆನೆಸೊಂಡಿಲಿನ ಸಿಂಹಗಳು, ಕೆಳಗೆ ಧ್ಯೇಯವಾಕ್ಯ. ಗಂಡಭೇರುಂಡ ನಮ್ಮದು, ಮೈಸೂರು ಅರಸರಿಂದ ಬಂದದ್ದು. ಆದರೆ ಗುರಾಣಿ, ಅದನ್ನು ಹಿಡಿದ ಎರಡು ಪ್ರಾಣಿ, ಕೆಳಗೊಂದು ಪಟ್ಟಿಯಲ್ಲಿ ವಾಕ್ಯ, ಈ ಜೋಡಣೆ ಯುರೋಪಿನ ಲಾಂಛನಶಾಸ್ತ್ರದ್ದು. ಆ ಶಾಸ್ತ್ರದಲ್ಲಿ ಒಂದು ಮುಖ್ಯ ನಿಯಮವಿದೆ: ಚಿನ್ನ, ಬೆಳ್ಳಿ ಇವು ಲೋಹಗಳು, ಕೆಂಪು, ನೀಲಿ, ಹಸಿರು, ಕಪ್ಪು ಇವು ಬಣ್ಣಗಳು, ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ದೂರದಿಂದ ಎದ್ದು ಕಾಣಬೇಕಲ್ಲ, ಅದಕ್ಕೆ. ಬಿಳಿಯನ್ನು ಬೆಳ್ಳಿಯೆಂದೇ ಎಣಿಸುತ್ತಾರೆ. ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ, ನಿಯಮಕ್ಕೆ ಸರಿಯಾಗಿದೆ.

ಬೇರೆ ದೇಶಗಳಲ್ಲಿ ಲಾಂಛನ ಹೆಚ್ಚುಕಡಿಮೆ ಅಲಂಕಾರದ ವಿಷಯ. ಸ್ಕಾಟ್ಲೆಂಡಿನಲ್ಲಿ ಕಾನೂನು. ಲಾರ್ಡ್ ಲಯನ್ ಬರೀ ಅಧಿಕಾರಿಯಲ್ಲ, ನ್ಯಾಯಾಧೀಶ. ಅವರಿಗೊಂದು ಕೋರ್ಟು ಇದೆ, ಇವತ್ತಿಗೂ ನಡೆಯುತ್ತಿದೆ. 1672ರ ಕಾಯಿದೆಯಂತೆ ಲಾಂಛನ ಬಳಸುವವರೆಲ್ಲ ಒಂದು ವರ್ಷ ಒಂದು ದಿನದೊಳಗೆ ವಿವರ ಕೊಟ್ಟು ಸಾರ್ವಜನಿಕ ರಿಜಿಸ್ಟರಿನಲ್ಲಿ ಬರೆಸಬೇಕಾಗಿತ್ತು. ಬರೆಸದೆ ಬಳಸಿದರೆ ದಂಡ. ಆ ಲಾಂಛನ ಕೆತ್ತಿಸಿದ ಬೆಳ್ಳಿ ತಟ್ಟೆ ಮುಂತಾದ ಸಾಮಾನು ಜಪ್ತಿ. ಅಂದು ತೆರೆದ ಆ ರಿಜಿಸ್ಟರ್ ಇನ್ನೂ ಮುಚ್ಚಿಲ್ಲ.

ಈ ಹುದ್ದೆ ಯಾವಾಗಲೂ ಯೋಗ್ಯರ ಕೈಯಲ್ಲೇ ಇತ್ತು ಎಂದುಕೊಳ್ಳಬೇಡಿ. 16ನೇ ಶತಮಾನದಲ್ಲಿ ಸರ್ ಡೇವಿಡ್ ಲಿಂಡ್ಸೆ ಎಂಬ ದೊಡ್ಡ ಕವಿ ಇದನ್ನು ವಹಿಸಿಕೊಂಡಿದ್ದ, 1542ರಲ್ಲಿ ಅವನು ಮಾಡಿಸಿದ ಲಾಂಛನಗಳ ಬಣ್ಣದ ಹಸ್ತಪ್ರತಿ ಇನ್ನೂ ಇದೆ. ಆದರೆ 18ನೇ ಶತಮಾನದ ಕೊನೆಯಿಂದ 1866ರವರೆಗೆ ಕಿನೌಲ್ ಮನೆತನದ ಅರ್ಲ್‌ಗಳು ತಂದೆಯ ನಂತರ ಮಗ ಎಂಬಂತೆ ಹುದ್ದೆ ಅನುಭವಿಸಿದರು. ಕೆಲಸ ಮಾಡುತ್ತಿದ್ದವರು ಕೈಕೆಳಗಿನ ಡೆಪ್ಯುಟಿಗಳು, ಶುಲ್ಕದ ಹಣ ಮಾತ್ರ ಮೇಲಿನವರಿಗೆ. 1867ರಲ್ಲಿ ಸಂಸತ್ತು ಕಾಯಿದೆ ಮಾಡಿ ಶುಲ್ಕವೆಲ್ಲ ಸರ್ಕಾರದ ಖಜಾನೆಗೆ, ಅಧಿಕಾರಿಗಳಿಗೆ ಸಂಬಳ ಎಂದು ಗೊತ್ತುಮಾಡಿತು. ಆಮೇಲೆ ಬಂದ ಜಾರ್ಜ್ ಬರ್ನೆಟ್ ಕೂಡ ವಕೀಲರು, ಕಡತದ ಮನುಷ್ಯರು. ಬೊಕ್ಕಸದ ಹಳೆಯ ಸುರುಳಿಗಳನ್ನು ಸಂಪಾದಿಸಿದವರು. 1494ರಲ್ಲಿ ಜಾನ್ ಕಾರ್ ಎಂಬ ಸನ್ಯಾಸಿಗೆ ಮದ್ಯಸಾರ ತೆಗೆಯಲು ಎಂಟು ಬೋಲ್ ಮೊಳಕೆ ಬಾರ್ಲಿ ಕೊಟ್ಟದ್ದು ಆ ಸುರುಳಿಯಲ್ಲಿದೆ. ಸ್ಕಾಚ್ ವಿಸ್ಕಿಯ ಮೊದಲ ದಾಖಲೆ ಅದೇ ಎಂದು ಇಡೀ ಲೋಕ ಹೇಳುತ್ತದೆ. ಬರ್ನೆಟ್ 1890ರಲ್ಲಿ ತೀರಿಕೊಂಡರು. ಆ ಜಾಗಕ್ಕೆ ಪಾಲ್ ಬಂದರು, 1926ರ ಕೊನೆಯವರೆಗೆ ಇದ್ದರು. ಮೂವತ್ತಾರು ವರ್ಷ! 1900ರಲ್ಲಿ ಸರ್ ಪದವಿ ಬಂತು.

ಲಾಂಛನದ ರಿಜಿಸ್ಟರಿನಲ್ಲಿ ಹೆಸರು ಗೊತ್ತಿದ್ದರೆ ಚಿತ್ರ ಹುಡುಕಬಹುದು. ಚಿತ್ರ ಮಾತ್ರ ಗೊತ್ತಿದ್ದು ಹೆಸರು ಬೇಕಾದರೆ? ಹೊಲ ಉಳುವಾಗ ಕಲ್ಲೊಂದು ಸಿಕ್ಕಿತು, ಅದರ ಮೇಲೆ ಒಂದು ಸಿಂಹ, ಮೂರು ನಕ್ಷತ್ರ. ಯಾರ ಮನೆತನದ್ದು? ಇದಕ್ಕಾಗಿ ಪಾಲ್ 1893ರಲ್ಲಿ ಒಂದು ಪುಸ್ತಕ ತಂದರು. ರಿಜಿಸ್ಟರಿನಲ್ಲಿರುವ ಎಲ್ಲ ಲಾಂಛನಗಳನ್ನೂ ಚಿತ್ರದ ಪ್ರಕಾರ ವಿಂಗಡಿಸಿ, ಸಿಂಹಗಳೆಲ್ಲ ಒಂದು ಕಡೆ, ಹದ್ದುಗಳೆಲ್ಲ ಒಂದು ಕಡೆ, ಹೀಗೆ ಜೋಡಿಸಿದ ತಿರುಗುಮುರುಗು ನಿಘಂಟು. 1903ರಲ್ಲಿ ಎರಡನೆಯ ಆವೃತ್ತಿ ಬಂತು. ಇಂಥ ಪುಸ್ತಕವನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಬೇಕಾದವನಿಗೆ ಬೇಕಾದ ದಿನ ಒಂದು ಪುಟ ಸಾಕು. ಆ ಒಂದು ಪುಟಕ್ಕಾಗಿ ಒಬ್ಬ ಮನುಷ್ಯ ಅಷ್ಟೂ ಪುಟ ಕೂತು ಮಾಡಬೇಕು. 1898ರಲ್ಲಿ ಅವರು ಕೊಟ್ಟ ರಿಂಡ್ ಉಪನ್ಯಾಸಗಳು ಕೂಡ ಸ್ಕಾಟ್ಲೆಂಡಿನ ಇತಿಹಾಸಕ್ಕೂ ಕಲೆಗೂ ಲಾಂಛನಕ್ಕೂ ಇರುವ ನಂಟಿನ ಮೇಲೆ. ಎರಡು ವರ್ಷದ ನಂತರ ಪುಸ್ತಕವಾದವು.

ಅವರ ಹೆಸರು ಹೇಳಿದರೆ ತಿಳಿದವರು ನೆನೆಯುವುದು ದಿ ಸ್ಕಾಟ್ಸ್ ಪಿಯರೇಜ್ ಎಂಬ ಒಂಬತ್ತು ಸಂಪುಟಗಳನ್ನು. 1904ರಿಂದ 1914ರವರೆಗೆ ಬಂದವು. ಸ್ಕಾಟ್ಲೆಂಡಿನ ಎಲ್ಲ ಪಾಳೆಯಗಾರ ಮನೆತನಗಳ ವಂಶಾವಳಿ. ವಂಶಾವಳಿ ಎಂದರೆ ನಮ್ಮಲ್ಲೂ ಗೊತ್ತಲ್ಲ. ಹೇಳುವವನ ಕೈಗೆ ಸ್ವಲ್ಪ ದಕ್ಷಿಣೆ ಬಿದ್ದರೆ ಮೂಲಪುರುಷ ಸೂರ್ಯಚಂದ್ರರವರೆಗೂ ಹೋಗುತ್ತಾನೆ. ಅಲ್ಲೂ ಹಾಗೇ ಹೊಗಳಿಕೆಯ ವಂಶಾವಳಿಗಳು ತುಂಬಿದ್ದವು. ಹಿಂದೆ ಸರ್ ರಾಬರ್ಟ್ ಡಗ್ಲಸ್ 1764ರಲ್ಲಿ ಒಂದು ಪುಸ್ತಕ ಮಾಡಿದ್ದ, 1813ರಲ್ಲಿ ವುಡ್ ಎಂಬವರು ಅದನ್ನು ತಿದ್ದಿದ್ದರು. ಪಾಲ್ ಹಲವು ವಿದ್ವಾಂಸರನ್ನು ಸೇರಿಸಿಕೊಂಡು, ಒಂದೊಂದು ಮನೆತನವನ್ನು ಒಬ್ಬೊಬ್ಬರಿಗೆ ವಹಿಸಿ, ಹೇಳಿಕೆಗೆ ಆಧಾರ ಕೊಡುವ ಪದ್ಧತಿಯಲ್ಲಿ ಹೊಸದಾಗಿ ಬರೆಸಿದರು. ಒಂಬತ್ತನೆಯ ಸಂಪುಟದಲ್ಲಿ ಹೆಸರುಗಳ ಸೂಚಿ ಇದೆ. ಅದೊಂದೇ ಸಾಕು ಅವರ ಸ್ವಭಾವ ಹೇಳಲು.

"ದೊಡ್ಡವರ ಮನೆಯ ಚರಿತ್ರೆ ನಮಗೇಕೆ ಸಾರ್" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲಾಂಛನ, ವಂಶಾವಳಿ ಎಲ್ಲ ಉಳ್ಳವರ ಒಡವೆ. ಒಂಬತ್ತು ಸಂಪುಟದಲ್ಲಿ ಅವರ ಹೊಲ ಉತ್ತವನ ಹೆಸರು ಸಿಗುವುದು ಕಷ್ಟ. ನನ್ನನ್ನು ಕೇಳಿದರೆ, ಅವರ ಕೆಲಸದಲ್ಲಿ ನಾನು ಲೆಕ್ಕದ ಪುಸ್ತಕಕ್ಕೆ ಮೊದಲ ಮಣೆ ಹಾಕುತ್ತೇನೆ, ವಂಶಾವಳಿಗೆ ಎರಡನೆಯದು. ಸ್ಕಾಟ್ಲೆಂಡಿನ ವಿದ್ವಾಂಸರು ಒಪ್ಪಲಿಕ್ಕಿಲ್ಲ. ಆದರೆ ಕೆಲಸದ ನಿಯತ್ತು ಎರಡರಲ್ಲೂ ಒಂದೇ: ಅರ್ಲ್ ಆದರೂ ಆಧಾರ ತೋರಿಸಬೇಕು, ತಮಟೆಯವನಿಗೆ ಕೊಟ್ಟ ಕಾಸನ್ನೂ ಬಿಡದೆ ಅಚ್ಚು ಹಾಕಬೇಕು.

ಅವರಿಗೆ ಮೆರವಣಿಗೆಯ ದಿನಗಳೂ ಇದ್ದವು. ಹೊಸ ರಾಜ ಪಟ್ಟಕ್ಕೆ ಬಂದಾಗ ಎಡಿನ್‌ಬರೋದ ಹಳೆಯ ಸಂತೆಕಟ್ಟೆಯ ಮೇಲೆ, ಮರ್ಕಟ್ ಕ್ರಾಸ್ ಎನ್ನುತ್ತಾರೆ, ಲಾರ್ಡ್ ಲಯನ್ ನಿಂತು ಸಾರಬೇಕು. ರಾಜಲಾಂಛನ ಕಸೂತಿ ಹಾಕಿದ ಅಂಗಿ, ಕಹಳೆ, ಸುತ್ತ ಜನ. 1901ರಲ್ಲಿ ಏಳನೇ ಎಡ್ವರ್ಡ್‌ಗೆ, 1910ರಲ್ಲಿ ಐದನೇ ಜಾರ್ಜ್‌ಗೆ ಹೀಗೆ ಸಾರಿದವರು ಪಾಲ್. ಒಂದು ದಿನ ಕಹಳೆ, ಮರುದಿನದಿಂದ ಮತ್ತೆ ಭೂತಗನ್ನಡಿ ಹಿಡಿದು ಅಳಿಸಿಹೋದ ಅಕ್ಷರ ಓದುವುದು. ಇದರ ನಡುವೆ 1883ರಿಂದ 1902ರವರೆಗೆ ವಕೀಲರ ಸಂಘಕ್ಕೆ ಖಜಾಂಚಿಯೂ ಆಗಿದ್ದರು. ಆ ಸಂಘದ ದೊಡ್ಡ ಗ್ರಂಥಾಲಯವೇ 1925ರಲ್ಲಿ ಕಾನೂನು ಪುಸ್ತಕಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ದೇಶಕ್ಕೆ ಕೊಟ್ಟು, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವಾಯಿತು.

1926ರ ಕೊನೆಗೆ, ಎಂಬತ್ತು ತುಂಬಿದ ಮೇಲೆ, ಹುದ್ದೆ ಬಿಟ್ಟರು. 1931ರ ಸೆಪ್ಟೆಂಬರ್ 15ರಂದು ತೀರಿಕೊಂಡರು. ಅವರು ಅಚ್ಚು ಹಾಕಿಸಿದ ಸಂಪುಟಗಳನ್ನು ಈಗ ಮೊಬೈಲಿನಲ್ಲಿ ಬಿಟ್ಟಿಯಾಗಿ ಓದಬಹುದು, ನಾನು ಓದಿದ್ದು ಹಾಗೆಯೇ, ಮೊಮ್ಮಗಳು ಹುಡುಕಿಕೊಟ್ಟಳು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ, ಅಡುಗೆಯವರು ಈ ಕಡೆ ನೋಡುತ್ತಿದ್ದಾರೆ. ನಾನು ನೌಕರಿಯಲ್ಲಿದ್ದಾಗ ಒಂದು ಕಚೇರಿಯಲ್ಲಿ ಜಾಗ ಸಾಲದೆಂದು ಎರಡು ಗಾಡಿ ಹಳೆಯ ಪುಸ್ತಕ ಗುಜರಿಗೆ ಹೋದದ್ದನ್ನು ನೋಡಿದ್ದೇನೆ. ಅದರಲ್ಲಿ ಏನಿತ್ತು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ನಮ್ಮ ಶಾಲೆಯ ಹಳೆಯ ಕೊಠಡಿಗಳನ್ನು ಬೇಸಿಗೆ ರಜೆಯಲ್ಲಿ ಕೆಡವುತ್ತಾರೆ, ಹೊಸ ಕಟ್ಟಡಕ್ಕೆ ಮಂಜೂರಾತಿ ಬಂದಿದೆ, ಸಂತೋಷ. ಆ ಮೂಲೆಯ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ ಮೊದಲ ವರ್ಷದಿಂದ ಇರುವ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಫೀಸು ಮಾಫಿ ಪಟ್ಟಿ, ಬಿಸಿಲಿನಲ್ಲಿ ಕಲ್ಲು ಹೊತ್ತು ಈ ಗೋಡೆ ಕಟ್ಟಿದ ಊರಿನವರ ಶ್ರಮದಾನದ ಹೆಸರುಗಳು ಇವೆ. ಕೆಲವು ಪುಟ ಗೆದ್ದಲು ತಿಂದಿದೆ, ಬಹಳಷ್ಟು ಉಳಿದಿದೆ. ಮೊದಲ ತಂಡದಲ್ಲಿ ಸೇರಿದ ಏಳು ಹೆಣ್ಣುಮಕ್ಕಳ ಹೆಸರು ಅಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಟ್ಟಿಲ್ಲ. ಅವರಲ್ಲಿ ಮೂವರು ಎಂಟನೇ ತರಗತಿ ಮುಗಿಯುವುದರೊಳಗೆ ಮದುವೆಯಾಗಿ ಹೋದರು. ಅವರಿಗೆ ಅಂಕಪಟ್ಟಿಯೂ ಇಲ್ಲ, ಇರುವುದು ಆ ಒಂದು ಸಾಲು ಮಾತ್ರ.

ಮುಖ್ಯೋಪಾಧ್ಯಾಯರು ಬೀರುವಿನ ಕೀಲಿ ಕೊಡಲು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತೆಗೆಯುತ್ತೇವೆ. ಒಂದೊಂದು ಪುಸ್ತಕವನ್ನೂ ಒರೆಸಿ, ಪಟ್ಟಿ ಮಾಡಿ, ಪುಟ ಪುಟ ಫೋಟೋ ತೆಗೆದು, ಬೇವಿನೆಲೆ ಹಾಕಿ ಹೊಸ ಪೆಟ್ಟಿಗೆಗೆ ಇಡಬೇಕು. ಇಬ್ಬರಿಂದ ಆಗುವ ಕೆಲಸವಲ್ಲ. ಓದಲು ಬರುವವರು ಕನ್ನಡಕ ತನ್ನಿ, ಮಕ್ಕಳು ಒಳ್ಳೆಯ ಕ್ಯಾಮೆರಾ ಇರುವ ಫೋನು ತನ್ನಿ. ಧೂಳು ಜೋರಾಗಿದೆ, ಎಲ್ಲರೂ ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.